ಎಣಿಕೆಯೇ ಯೋಗ್ಯತೆಯಾದೀತೆ?

ವಿಜ್ಞಾನಿಯೊಬ್ಬನ ಪ್ರಬಂಧಗಳನ್ನು ಓದುವ ಗೋಜಿಗೇ ಹೋಗದೆ, ಅವುಗಳನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆಂದು ಎಣಿಸಿ ಅವನ ಯೋಗ್ಯತೆಯನ್ನು ತೀರ್ಮಾನಿಸುವ ಪದ್ಧತಿ ಇಂದು ವಿದ್ಯಾಕ್ಷೇತ್ರದಲ್ಲಿ ಬೇರೂರಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಸಂಶೋಧನೆಯ ಹಾದಿ ಹಿಡಿದವರು ಈ ತಕ್ಕಡಿಯಲ್ಲಿ ತೂಗಿಸಿಕೊಂಡವರೇ. ತಕ್ಕಡಿಯೇ ಸರಿಯಿಲ್ಲವೆಂದು ಯಾರಾದರೂ ಹೇಳಲೇಬೇಕಾಗಿದೆ.

ಪೀಟರ್ ಹಿಗ್ಸ್ ಅವರ ಉದಾಹರಣೆಯನ್ನೇ ನೋಡಿ. ಎಡಿನ್‌ಬರೋ ವಿಶ್ವವಿದ್ಯಾನಿಲಯದ ಈ ಸೈದ್ಧಾಂತಿಕ ಭೌತವಿಜ್ಞಾನಿ 1964ರಲ್ಲಿ, ಮೂಲಕಣಗಳಿಗೆ ದ್ರವ್ಯರಾಶಿ ಹೇಗೆ ಒದಗುತ್ತದೆಂಬ ಪ್ರಶ್ನೆಯನ್ನು ಕುರಿತು ಎರಡು ಪುಟ್ಟ ಪ್ರಬಂಧಗಳನ್ನು ಬರೆದರು. ಎರಡನೆಯದನ್ನು ಜಿನೀವಾದ ಸರ್ನ್‌ನಲ್ಲಿ ಸಂಪಾದನೆಗೊಳ್ಳುತ್ತಿದ್ದ ಪತ್ರಿಕೆಯೊಂದು ತಿರಸ್ಕರಿಸಿತು. ಹೊಸ ಕಣವೊಂದರ ಸೂಚನೆಯನ್ನು ಸೇರಿಸಿ ಅವರು ಅದನ್ನು ಅಮೆರಿಕದ ಪತ್ರಿಕೆಗೆ ಕಳುಹಿಸಿದರು. ಅದೇ ಸರ್ನ್ 2012ರ ಜುಲೈ 4ರಂದು ಆ ಕಣ ದೊರೆತಿದೆಯೆಂದು ಸಾರಿತು. ಮರುವರ್ಷ ಹಿಗ್ಸ್ ಅವರಿಗೆ ಫ್ರಾಂಸ್ವಾ ಆಂಗ್ಲೇರ್ ಅವರೊಡನೆ ನೊಬೆಲ್ ಬಂದಿತು.

ನಡುವಿನ ಅರ್ಧ ಶತಮಾನದಲ್ಲಿ ಅವರು ಪ್ರಕಟಿಸಿದ ಪ್ರಬಂಧಗಳು ಹತ್ತಕ್ಕೂ ಕಡಿಮೆ. ಇತ್ತೀಚಿನ ಪ್ರಕಟಣೆಗಳ ಪಟ್ಟಿ ಕೊಡಿರೆಂದು ವಿಭಾಗ ಕೇಳಿದಾಗಲೆಲ್ಲ ‘ಏನೂ ಇಲ್ಲ’ ಎಂದು ಬರೆದು ಕಳುಹಿಸುತ್ತಿದ್ದರಂತೆ. ಇಂದಿನ ಕಾಲದಲ್ಲಾಗಿದ್ದರೆ ತಮಗೆ ಅಧ್ಯಾಪಕ ಹುದ್ದೆಯೇ ಸಿಗುತ್ತಿರಲಿಲ್ಲವೆಂದು 2013ರಲ್ಲಿ ಅವರೇ ಹೇಳಿದರು. 2024ರಲ್ಲಿ ತೀರಿಕೊಂಡ ಆ ಹಿರಿಯರ ಈ ಮಾತು ಇಡೀ ವ್ಯವಸ್ಥೆಗೆ ಮಾಡಿದ ಮಂಗಳಾರತಿಯಲ್ಲವೆ?

ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಸೂಚಿಸಿದ ಎಚ್-ಸೂಚ್ಯಂಕದ ಲೆಕ್ಕ ಬಹು ಸರಳ. ತಲಾ 30 ಉಲ್ಲೇಖಗಳಾದರೂ ದೊರೆತ 30 ಪ್ರಬಂಧಗಳಿದ್ದರೆ ಸೂಚ್ಯಂಕ 30. ಕೇವಲ 5 ಪ್ರಬಂಧ ಬರೆದವನಿಗೆ, ಒಂದೊಂದನ್ನೂ ಹತ್ತು ಸಾವಿರ ಮಂದಿ ಉಲ್ಲೇಖಿಸಿದರೂ, 5ಕ್ಕಿಂತ ಹೆಚ್ಚು ಸಿಗದು! ಅತ್ತ, ಹಿಗ್ಸ್ ಕಣದ ದ್ರವ್ಯರಾಶಿಯನ್ನು ನಿಖರಗೊಳಿಸಿದ 2015ರ ಪ್ರಬಂಧಕ್ಕೆ 5,154 ಲೇಖಕರು. ಅದಕ್ಕೆ ಬಂದ ಪ್ರತಿಯೊಂದು ಉಲ್ಲೇಖವೂ ಅಷ್ಟೂ ಜನರ ಖಾತೆಗೆ ಜಮಾ.

ಇನ್ನು ಕಾಲದ ಪ್ರಶ್ನೆ. ಸ್ಟೀವನ್ ವೈನ್‌ಬರ್ಗ್ 1967ರಲ್ಲಿ ಬರೆದ ಮೂರು ಪುಟವೂ ತುಂಬದ ಪ್ರಬಂಧವನ್ನು ಮೊದಲ ಮೂರ್ನಾಲ್ಕು ವರ್ಷ ಹೆಚ್ಚುಕಡಿಮೆ ಯಾರೂ ಗಮನಿಸಲಿಲ್ಲ. 1971ರಲ್ಲಿ ತರುಣ ಹೆರಾರ್ಡ್ ಟ್‌ಹೋಫ್ಟ್ ಇಂತಹ ಸಿದ್ಧಾಂತಗಳು ಗಣಿತದ ಪರೀಕ್ಷೆಯಲ್ಲಿ ನಿಲ್ಲುತ್ತವೆಂದು ತೋರಿಸಿದ ಮೇಲೆ ಉಲ್ಲೇಖಗಳ ಮಹಾಪೂರವೇ ಹರಿಯಿತು. 1970ರಲ್ಲಿ ಎಣಿಸಿದ್ದರೆ ಆ ಪ್ರಬಂಧ ನಿಷ್ಪ್ರಯೋಜಕ. 1979ರಲ್ಲಿ ಅದಕ್ಕೆ ನೊಬೆಲ್! ಬದಲಾದದ್ದು ಪ್ರಬಂಧವಲ್ಲ, ಓದುಗರು.

‘ಎಣಿಕೆ ಇಲ್ಲದಿದ್ದರೆ ಜಾತಿ, ವಶೀಲಿ, ಮುಖಸ್ತುತಿಗಳೇ ಆಯ್ಕೆಯನ್ನು ನಿರ್ಧರಿಸುವುದಿಲ್ಲವೆ?’ ಎಂದು ಕೇಳುವವರಿದ್ದಾರೆ. ನಮ್ಮ ನಾಡನ್ನು ಬಲ್ಲವರಾರೂ ಈ ಪ್ರಶ್ನೆಯನ್ನು ತಳ್ಳಿಹಾಕಲಾರರು. ಆದರೆ ಎಣಿಕೆ ವಶೀಲಿಯನ್ನು ಓಡಿಸಿತೆ? ನೀನು ನನ್ನನ್ನು ಉಲ್ಲೇಖಿಸು, ನಾನು ನಿನ್ನನ್ನು ಉಲ್ಲೇಖಿಸುವೆ ಎಂಬ ಕೊಡುಕೊಳ್ಳುವಿಕೆ ಹೊಸ ವಶೀಲಿಯಷ್ಟೆ. ಯುಜಿಸಿ 2010ರಲ್ಲಿ ಅಧ್ಯಾಪಕರ ಪ್ರಕಟಣೆಗಳಿಗೆ ಅಂಕ ಕೊಡುವ ಪದ್ಧತಿಯನ್ನು ತಂದ ಬಳಿಕ, ಹಣ ತೆತ್ತರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದದ್ದನ್ನು ಕಂಡಿದ್ದೇವೆ.

ಮೇಷ್ಟ್ರಾದ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾವಾರನ್ನೇ ಶಾಲೆಯ ಹಿರಿಮೆಯೆಂದು ಸಾರಿದಾಗ, ಹಿಂದುಳಿದ ಮಕ್ಕಳನ್ನು ಒಂಬತ್ತನೆಯ ತರಗತಿಯಲ್ಲೇ ತಡೆದು ನಿಲ್ಲಿಸುವ ಶಾಲೆಗಳನ್ನು ನಾನು ನೋಡಿದ್ದೇನೆ. ಶೇಕಡಾವಾರು ಏರಿತು, ವಿದ್ಯೆ ಏರಲಿಲ್ಲ. ಅಳತೆಗೋಲೇ ಗುರಿಯಾದಾಗ ಅಳೆಯಬೇಕಾದ ವಸ್ತು ಕೈತಪ್ಪಿಹೋಗುತ್ತದೆ.

ಪರಿಹಾರ ಹಳೆಯದೇ, ಶ್ರಮದ್ದು: ಓದುವುದು. ಅಭ್ಯರ್ಥಿಯ ಅತ್ಯುತ್ತಮವಾದ ಎರಡು ಮೂರು ಪ್ರಬಂಧಗಳನ್ನು ವಿಷಯ ಬಲ್ಲವರು ಓದಲಿ, ತಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆದು ಸಹಿ ಹಾಕಲಿ. ಉಲ್ಲೇಖಗಳ ಸಂಖ್ಯೆ ಆ ಓದಿಗೆ ನೆರವಾಗಲಿ, ತೀರ್ಪು ಆಗದಿರಲಿ. ನಿಮ್ಮಲ್ಲಿ ಕೆಲವರು ಇಂದು ಆಯ್ಕೆ ಸಮಿತಿಗಳಲ್ಲಿ ಕುಳಿತುಕೊಳ್ಳುವಷ್ಟು ದೊಡ್ಡವರಾಗಿದ್ದೀರಿ. ಉತ್ತರಪತ್ರಿಕೆಯನ್ನು ಓದದೆ ಅಂಕ ಕೊಡುವ ಮೇಷ್ಟರನ್ನು ನೀವು ಕ್ಷಮಿಸುತ್ತಿದ್ದಿರಾ? ಅರ್ಜಿಗಳ ಕಟ್ಟು ಮುಂದೆ ಬಂದಾಗ ಈ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ.