ಕೂಗಿದ ಸವಾಲು, ಬಾರದ ಹಣ

ಬಸವೇಶ್ವರನಗರದ ನಮ್ಮ ಬೀದಿಯಲ್ಲಿರುವ ಹಿರಿಯರೊಬ್ಬರು ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹಳೆಯ ‘ಜನತಾ’, ‘ಪೈಲಟ್’ ಕೈಗಡಿಯಾರಗಳನ್ನು ಹುಡುಕಿ ತಂದು, ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಮತ್ತೆ ನಡೆಯುವಂತೆ ಮಾಡುವುದು ಅವರ ಈಗಿನ ಕಾಯಕ. ಮಗಳ ನೆರವಿನಿಂದ ಅವುಗಳನ್ನು ಅಂತರ್ಜಾಲದ ಹರಾಜಿನಲ್ಲಿ ವಿದೇಶಿ ಸಂಗ್ರಾಹಕರಿಗೆ ಮಾರುತ್ತಾರೆ. ಕಳೆದ ವರ್ಷ ಒಂದು ‘ಪೈಲಟ್’ ಗಡಿಯಾರಕ್ಕೆ ಮೂವರು ಪೈಪೋಟಿ ನಡೆಸಿ, ಬೆಲೆ 86 ಡಾಲರ್‌ಗೆ ನಿಂತಿತು. ಗೆದ್ದವನು ಹಣ ಕಳುಹಿಸಲಿಲ್ಲ, ಪತ್ರಗಳಿಗೆ ಉತ್ತರವನ್ನೂ ಕೊಡಲಿಲ್ಲ. ಎರಡನೆಯವನನ್ನು ಕೇಳಿದರೆ ಅವನು ಒಲ್ಲೆನೆಂದ. ‘ಸಾರ್, ನೀವು ಸರ್ಕಾರದಲ್ಲಿ ಇದ್ದವರು. ಇಂಥವನ ಮೇಲೆ ಎಲ್ಲಿ ದೂರು ಕೊಡಬೇಕು ಹೇಳಿ’ ಎಂದು ಆ ಹಿರಿಯರು ನನ್ನನ್ನು ಕೇಳಿದರು. ಫಲ ಸಿಗುವಂಥ ಸ್ಥಳ ಯಾವುದೂ ಇಲ್ಲ ಎಂಬುದೇ ಪ್ರಾಮಾಣಿಕ ಉತ್ತರವಾಗಿತ್ತು. ಆದರೆ ಅಷ್ಟಕ್ಕೆ ಸುಮ್ಮನಾಗುವುದು ಸರಿಯಲ್ಲವೆನಿಸಿ ಈ ಬರಹ.

ಇದು ಒಬ್ಬರ ಹವ್ಯಾಸದ ಪ್ರಶ್ನೆಯಲ್ಲ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ ಗಡಿಯಾರ ಉದ್ಯಮವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ತೀರ್ಮಾನಿಸಿತು. ಕಾರ್ಖಾನೆ ನಿಂತರೂ ಅದು ಕಲಿಸಿದ ಕೈಕೆಲಸ ನಗರದ ಮನೆಗಳಲ್ಲಿ ಉಳಿದಿದೆ. ಮಾಗಡಿ ರಸ್ತೆಯ ಆಸುಪಾಸಿನ ಅಗರಬತ್ತಿ, ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಸಿಗುವ ಚನ್ನಪಟ್ಟಣದ ಗೊಂಬೆ, ವಿಜಯನಗರದ ಮನೆಗಳಲ್ಲಿ ಹೆಣ್ಣುಮಕ್ಕಳು ಹಾಕುವ ಕಸೂತಿ, ಇವೆಲ್ಲವೂ ಮಧ್ಯವರ್ತಿಯಿಲ್ಲದೆ ನೇರವಾಗಿ ಹೊರದೇಶದ ಗ್ರಾಹಕನನ್ನು ತಲುಪಬಲ್ಲ ಕಾಲ ಇದು. ಪಿಂಚಣಿ ಸಾಲದ ಮನೆಗೆ ತಿಂಗಳಿಗೆ ನಾಲ್ಕಾರು ಸಾವಿರ ರೂಪಾಯಿ ಕೂಡಿಬರುವುದು ಅಲ್ಪ ಸಂಗತಿಯಲ್ಲ. ಆದುದರಿಂದಲೇ ಹಣ ಕೊಡದ ಗ್ರಾಹಕನ ಸಮಸ್ಯೆಯನ್ನು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಹರಾಜು ನಮಗೆ ಹೊಸದಲ್ಲ. ನಾನು ಸೇವೆಯಲ್ಲಿದ್ದ ದಿನಗಳಲ್ಲಿ ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಹುಣಸೆ ಮರಗಳ ಫಸಲನ್ನು, ಕೆರೆಯ ಮೀನನ್ನು ಹರಾಜು ಹಾಕುವುದನ್ನು ಕಂಡಿದ್ದೇನೆ. ಸವಾಲು ಕೂಗುವವನು ಮೊದಲು ಠೇವಣಿ ಇಡಬೇಕಾಗಿತ್ತು. ಕೂಗಿದವನು ತಪ್ಪಿದರೆ ಠೇವಣಿ ಮುಟ್ಟುಗೋಲಾಗುತ್ತಿತ್ತು. ಮರುಹರಾಜಿನಲ್ಲಿ ಬೆಲೆ ಇಳಿದರೆ ಆ ನಷ್ಟವೂ ಅವನ ತಲೆಯ ಮೇಲೆಯೇ. ಇಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕೆಂಗೇರಿ ಬಳಿಯ ವಿಶ್ವೇಶ್ವರಯ್ಯ ಬಡಾವಣೆಯ ಮೂಲೆ ನಿವೇಶನಗಳನ್ನು ಇ-ಹರಾಜಿಗಿಟ್ಟಾಗಲೂ ಠೇವಣಿ ಇಡದವನಿಗೆ ಪ್ರವೇಶವಿಲ್ಲ. ನಾಯಕನಹಟ್ಟಿಯ ಜಾತ್ರೆಯಲ್ಲಿ ಮುಕ್ತಿ ಬಾವುಟಕ್ಕೆ ಲಕ್ಷಾಂತರ ರೂಪಾಯಿಯ ಸವಾಲು ಕೂಗುವವನನ್ನು ಕಟ್ಟಿಹಾಕುವ ಶಕ್ತಿ ಇನ್ನೊಂದು ಬಗೆಯದು: ಅವನು ಸಾವಿರಾರು ಜನರ ಎದುರು ಕೂಗುತ್ತಾನೆ, ನಾಳೆ ಅದೇ ಜನರ ನಡುವೆ ಬಾಳಬೇಕು. ಹಣದ ಭಯ ಅಥವಾ ಮುಖದ ದಾಕ್ಷಿಣ್ಯ, ಇವೆರಡರಲ್ಲಿ ಒಂದಾದರೂ ಇಲ್ಲದೆ ಯಾವ ಹರಾಜೂ ನಡೆಯದು. ಅಂತರ್ಜಾಲದ ಹರಾಜಿನಲ್ಲಿ ಬಹುಕಾಲ ಎರಡೂ ಇರಲಿಲ್ಲ. ಹತ್ತು ಸಾವಿರ ಮೈಲಿ ದೂರದಲ್ಲಿ ಕುಳಿತು ಒಂದು ಗುಂಡಿ ಒತ್ತುವವನಿಗೆ ಸವಾಲು ಕೂಗಲು ಚಿಕ್ಕಾಸಿನ ಖರ್ಚೂ ಇಲ್ಲ. ಸಮಸ್ಯೆಯ ಬೇರು ಇಲ್ಲಿದೆ.

ಕಾನೂನು ಏನು ಹೇಳುತ್ತದೆ? 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನ ಪ್ರಕಾರ ಹರಾಜುದಾರನ ಸುತ್ತಿಗೆ ಬೀಳುವವರೆಗೆ ಸವಾಲನ್ನು ಹಿಂತೆಗೆದುಕೊಳ್ಳಬಹುದು. ಬಿದ್ದ ಮೇಲೆ ಮಾರಾಟ ಪೂರ್ಣ. ವಿದ್ಯುನ್ಮಾನ ಮಾಧ್ಯಮದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಹೇಳುತ್ತದೆ. ಅಂದಮೇಲೆ ಕಾಗದದ ಮೇಲೆ ನಮ್ಮ ಹಿರಿಯರ ಹಕ್ಕು ಗಟ್ಟಿಯಾಗಿದೆ. ಆದರೆ 86 ಡಾಲರ್‌ಗಾಗಿ ಹೊರದೇಶದಲ್ಲಿ ವಕೀಲರನ್ನು ನೇಮಿಸುವವರು ಯಾರು? ನ್ಯಾಯಾಲಯದ ಡಿಕ್ರಿಗಳನ್ನು ಪರಸ್ಪರ ಜಾರಿಗೊಳಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯಡಿ ನಾವು ಗುರುತಿಸಿರುವ ದೇಶಗಳ ಪಟ್ಟಿಯಲ್ಲಿ ಬ್ರಿಟನ್, ಸಿಂಗಪುರ ಇವೆ, ಅಮೆರಿಕ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಕೊಳ್ಳುವವನಿಗಾಗಿ ರೂಪಿಸಿದ್ದು. ಹಣ ಕೊಡದ ಗ್ರಾಹಕನ ವಿರುದ್ಧ ಮಾರಾಟಗಾರನು ಆ ಆಯೋಗದ ಬಾಗಿಲು ತಟ್ಟಲು ಬಾರದು.

ಹಾಗಾದರೆ ಉಪಯೋಗಕ್ಕೆ ಬರುವುದೇನು? ಅದೇ 1930ರ ಕಾಯ್ದೆ ಹಣ ಬಾರದ ಮಾರಾಟಗಾರನಿಗೆ ಎರಡು ಹಕ್ಕು ಕೊಟ್ಟಿದೆ: ಸರಕನ್ನು ತಡೆಹಿಡಿಯುವುದು, ತಿಳಿವಳಿಕೆ ಕೊಟ್ಟು ಯುಕ್ತ ಕಾಲ ಕಾದು ಮರುಮಾರಾಟ ಮಾಡುವುದು. ಸಮುದ್ರದಾಚೆಯ ವ್ಯವಹಾರದಲ್ಲಿ ಸಣ್ಣ ಮಾರಾಟಗಾರನ ಕೈಯಲ್ಲಿರುವ ನಿಜವಾದ ಆಯುಧ ಇದೊಂದೇ. ಹಣ ಖಾತೆಯ ದಾಖಲೆಯಲ್ಲಿ ಕಾಣುವ ತನಕ ಗಡಿಯಾರ ಮೇಜಿನ ಖಾನೆಯಿಂದ ಹೊರಬರಬಾರದು. ‘ಹಣ ಕಳುಹಿಸಿದ್ದೇನೆ, ಬೇಗ ರವಾನಿಸಿ’ ಎಂಬ ಇ-ಅಂಚೆಯನ್ನು ಹಣವೆಂದು ಭಾವಿಸಬಾರದು. ತಾಣದ ಹೊರಗೆ ವ್ಯವಹಾರ ಮುಗಿಸೋಣವೆಂಬ ಆಹ್ವಾನವನ್ನು ಸೌಜನ್ಯದಿಂದಲೇ ನಿರಾಕರಿಸಬೇಕು.

ಇಲ್ಲಿ ಓದುಗರು ಎರಡು ಬಗೆಯ ನಷ್ಟಗಳನ್ನು ಬೇರ್ಪಡಿಸಿ ನೋಡಬೇಕು. ರವಾನೆಗೆ ಮುನ್ನ ಹಣ ಬಾರದಿದ್ದರೆ ಹೋಗುವುದು ಸಮಯ ಮತ್ತು ಉತ್ಸಾಹ, ಸರಕು ಉಳಿಯುತ್ತದೆ. ರವಾನೆಯ ನಂತರ ಕೊಟ್ಟ ಹಣವನ್ನು ಮರಳಿ ಸೆಳೆದುಕೊಂಡರೆ ಸರಕೂ ಹಣವೂ ಅಂಚೆಯ ಖರ್ಚೂ ಒಟ್ಟಿಗೆ ಹೋಗುತ್ತವೆ. ಪೇಪಾಲ್ ವ್ಯವಸ್ಥೆಯಲ್ಲಿ ಕೊಂಡವನು ಹಣ ಕೊಟ್ಟ 180 ದಿನಗಳವರೆಗೆ ತಕರಾರು ಎತ್ತಬಹುದು. ತಾಣದಲ್ಲಿ ನಮೂದಾದ ವಿಳಾಸಕ್ಕೇ ಕಳುಹಿಸಿದ್ದು, ಸರಕು ತಲುಪಿದ್ದಕ್ಕೆ ಅಂಚೆಯ ಜಾಡು, 750 ಡಾಲರ್ ಮೀರಿದರೆ ಸಹಿಯ ದಾಖಲೆ, ಇವು ಇದ್ದರೆ ತಲುಪಲೇ ಇಲ್ಲವೆಂಬ ತಕರಾರನ್ನು ಎದುರಿಸಬಹುದು. ನೋಂದಾಯಿಸದೆ ಕಳುಹಿಸಿ ನೂರು ರೂಪಾಯಿ ಉಳಿಸುವವರು ಈ ಎರಡನೆಯ ನಷ್ಟವನ್ನು ತಾವೇ ಬರಮಾಡಿಕೊಳ್ಳುತ್ತಾರೆ. ಮೊದಲನೆಯದರ ಬಗ್ಗೆ ಸಿಟ್ಟು, ಎರಡನೆಯದರ ಬಗ್ಗೆ ಉದಾಸೀನ: ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಇದು. ಇರಬೇಕಾದದ್ದು ಇದರ ವಿರುದ್ಧ.

ಮೊದಲನೆಯ ಬಗೆಗೆ ತಾಣಗಳಲ್ಲಿಯೇ ಒಂದಿಷ್ಟು ಪರಿಹಾರವಿದೆ. 2004ರಲ್ಲಿ ನಮ್ಮ ದೇಶದ ಬಾಜೀ ತಾಣವನ್ನು ಕೊಂಡ ಇ-ಬೇ ಸಂಸ್ಥೆಯ ಹೆಸರಿನ ಭಾರತೀಯ ತಾಣ 2018ರಲ್ಲಿ ಮುಚ್ಚಿಹೋದರೂ, ಅದರ ವಿದೇಶಿ ತಾಣಗಳಲ್ಲಿ ಇಲ್ಲಿನವರು ಇಂದಿಗೂ ಮಾರುತ್ತಾರೆ. ಗೆದ್ದವನು ನಾಲ್ಕು ದಿನಗಳಲ್ಲಿ ಹಣ ಕೊಡದಿದ್ದರೆ ಮಾರಾಟಗಾರನು ಆ ಕಾರಣವನ್ನೇ ನಮೂದಿಸಿ ವ್ಯವಹಾರ ರದ್ದುಪಡಿಸಬಹುದು. ಆಗ ಮಾರಾಟದ ಶುಲ್ಕ ಮರಳುತ್ತದೆ, ತಪ್ಪಿದವನ ಖಾತೆಯಲ್ಲಿ ಅದು ದಾಖಲಾಗುತ್ತದೆ. ಅಂಥ ದಾಖಲೆಯುಳ್ಳವರು ತನ್ನ ಹರಾಜಿಗೆ ಬಾರದಂತೆ ಮಾರಾಟಗಾರನು ಮೊದಲೇ ನಿರ್ಬಂಧ ಹಾಕಿಕೊಳ್ಳಬಹುದು. ಬೇಸತ್ತು ‘ಪರಸ್ಪರ ಒಪ್ಪಿಗೆಯಿಂದ ರದ್ದು’ ಎಂದು ಬರೆದು ಕೈತೊಳೆದುಕೊಂಡರೆ, ತಪ್ಪಿದವನು ನಿಷ್ಕಳಂಕನಾಗಿ ಮುಂದಿನ ಮನೆಯ ಬಾಗಿಲಿಗೆ ಹೋಗುತ್ತಾನೆ. 2008ರಿಂದ ಅಲ್ಲಿ ಮಾರುವವರು ಕೊಂಡವರ ಬಗ್ಗೆ ಪ್ರತಿಕೂಲ ಅಭಿಪ್ರಾಯ ಬರೆಯುವಂತಿಲ್ಲವಾದ್ದರಿಂದ, ಈ ರದ್ದತಿಯ ದಾಖಲೆಯೇ ಉಳಿದಿರುವ ಸಾಮೂಹಿಕ ರಕ್ಷಣೆ.

ಆದರೆ ಎರಡನೆಯ ಸವಾಲುದಾರನು ಏಕೆ ಒಲ್ಲೆನೆಂದ? ಇದು ಅರ್ಥಶಾಸ್ತ್ರದ ಕುತೂಹಲಕರ ಪ್ರಶ್ನೆ. ಗೆದ್ದವನು ತಾನು ಹೇಳಿದ ಬೆಲೆಯನ್ನಲ್ಲ, ಎರಡನೆಯವನ ಬೆಲೆಯನ್ನು ಕೊಡುವ ಹರಾಜನ್ನು ವಿಲಿಯಂ ವಿಕ್ರಿ 1961ರಲ್ಲಿ ವಿಶ್ಲೇಷಿಸಿದರು; 1996ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅಂತರ್ಜಾಲದ ಹರಾಜುಗಳು ಬಹುಮಟ್ಟಿಗೆ ಇದೇ ಮಾದರಿಯವು. ನಮ್ಮ ಹಿರಿಯರ ಹರಾಜಿನಲ್ಲಿ ಮೂರನೆಯವನು 40 ಡಾಲರ್‌ಗೆ ನಿಂತಿದ್ದ. ಎರಡನೆಯವನ ಮಿತಿ 85. ಹಣ ಕೊಡದವನು ಬಾರದೇ ಇದ್ದಿದ್ದರೆ ಎರಡನೆಯವನಿಗೆ ಆ ಗಡಿಯಾರ 41 ಡಾಲರ್ ಆಸುಪಾಸಿನಲ್ಲಿ ದಕ್ಕುತ್ತಿತ್ತು. ಈಗ ಅದನ್ನೇ 85ಕ್ಕೆ ಕೊಳ್ಳಿ ಎಂದರೆ, ‘ಮೊದಲನೆಯವನು ಮಾರುವವನ ಕಡೆಯ ಮನುಷ್ಯನೇ ಇರಬೇಕು’ ಎಂದು ಅವನು ಶಂಕಿಸುವುದು ಸಹಜ. ಬೆಲೆ ಏರಿಸಲು ಸುಳ್ಳು ಸವಾಲು ಕೂಗಿಸಿದರೆ ಅಂಥ ಮಾರಾಟವನ್ನು ಕೊಂಡವನು ರದ್ದುಪಡಿಸಬಹುದೆಂದು ನಮ್ಮ 1930ರ ಕಾಯ್ದೆಯೇ ಹೇಳುತ್ತದೆಯಲ್ಲವೇ? ಹೀಗೆ ಹಣ ಕೊಡದವನು ಒಂದು ಮಾರಾಟವನ್ನಷ್ಟೇ ಕೆಡಿಸುವುದಿಲ್ಲ. ಬೆಲೆಯನ್ನೇ ಸುಳ್ಳಾಗಿಸಿ, ಪ್ರಾಮಾಣಿಕ ಮಾರಾಟಗಾರನನ್ನು ವಂಚಕನಂತೆ ತೋರಿಸುತ್ತಾನೆ. ಇಂಥ ಸಂದರ್ಭದಲ್ಲಿ ಹರಾಜನ್ನು ಬಿಟ್ಟು, ನ್ಯಾಯವಾದ ನಿಗದಿತ ಬೆಲೆಗೆ, ಕೂಡಲೇ ಪಾವತಿ ಎಂಬ ಷರತ್ತಿನೊಂದಿಗೆ ಮತ್ತೆ ಮಾರಾಟಕ್ಕಿಡುವುದು ವಿವೇಕದ ದಾರಿ.

ಶಂಕೆಗೆ ನಮ್ಮವರ ಕೊಡುಗೆಯೂ ಇದೆ. ಹಳೆಯ ಡಯಲ್‌ಗೆ ಹೊಸ ಬಣ್ಣ ಹಚ್ಚಿ, ಹತ್ತು ಗಡಿಯಾರಗಳ ಬಿಡಿಭಾಗ ಕೂಡಿಸಿ ಅಸಲಿಯೆಂದು ಮಾರಿದವರ ದೆಸೆಯಿಂದ ವಿದೇಶಿ ಸಂಗ್ರಾಹಕರಲ್ಲಿ ‘ಮುಂಬೈ ಸ್ಪೆಷಲ್’ ಎಂಬ ಹೀಗಳಿಕೆಯ ಮಾತೇ ಹುಟ್ಟಿಕೊಂಡಿದೆ. ಒಳ್ಳೆಯ ಸರಕು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದ ಮಾರುಕಟ್ಟೆಯಲ್ಲಿ ಒಳ್ಳೆಯ ಸರಕೇ ಹಿಂದೆ ಸರಿಯುತ್ತದೆ ಎಂದು ಜಾರ್ಜ್ ಅಕರ್‌ಲಾಫ್ 1970ರಲ್ಲಿ ತೋರಿಸಿದ್ದು ಇದನ್ನೇ. ಕೂಗಿದ ಮೇಲೆ ಅನುಮಾನ ಬಂದು ಹಿಂದೆಗೆದವನೂ ಹಣ ಕೊಡದವರ ಪಟ್ಟಿಯಲ್ಲಿರುತ್ತಾನೆ. ಯಾವ ಭಾಗ ಹಳೆಯದು, ಯಾವುದು ಬದಲಾಯಿಸಿದ್ದು ಎಂದು ಬಿಚ್ಚಿದ ಯಂತ್ರದ ಚಿತ್ರಸಹಿತ ತಿಳಿಸುವ ಮಾರಾಟಗಾರನಿಗೆ ಇಂಥವರ ಕಾಟ ಕಡಿಮೆ.

ಸುಂಕದ ಭಯ ಮತ್ತೊಂದು ಕಾರಣ. ಐರೋಪ್ಯ ಒಕ್ಕೂಟ 22 ಯೂರೋವರೆಗಿನ ಆಮದಿಗಿದ್ದ ವ್ಯಾಟ್ ವಿನಾಯಿತಿಯನ್ನು 2021ರ ಜುಲೈಯಲ್ಲಿ ತೆಗೆಯಿತು. ಅಮೆರಿಕವು 800 ಡಾಲರ್‌ವರೆಗಿನ ಪೊಟ್ಟಣಗಳಿಗಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ರದ್ದುಮಾಡಿತು. ಆ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಸರಕು ಕಳುಹಿಸುವುದನ್ನೇ ನಿಲ್ಲಿಸಿ, ಅಕ್ಟೋಬರ್ 15ರಂದು ಪುನರಾರಂಭಿಸಿತು. ಆಗ ಸುಂಕವನ್ನು ಇಲ್ಲಿಯೇ ಮುಂಗಡವಾಗಿ ಕಟ್ಟುವ ಏರ್ಪಾಡಾಯಿತು. ಕೊಳ್ಳುವವನಿಗೆ ತನ್ನ ಮನೆಬಾಗಿಲಿಗೆ ತಲುಪುವವರೆಗಿನ ಪೂರ್ಣ ವೆಚ್ಚವನ್ನು ಹರಾಜಿಗೆ ಮುನ್ನವೇ ತಿಳಿಸಿದರೆ ಕೊನೆಯ ಗಳಿಗೆಯ ನಿರಾಕರಣೆಗಳು ಇಳಿಮುಖವಾಗುತ್ತವೆ. ಹಣ ತಡವಾದವರೆಲ್ಲ ವಂಚಕರಲ್ಲ. ಕಾರ್ಡು ನಡೆಯದವರು, ಅಂಚೆವೆಚ್ಚ ಕಂಡು ಬೆಚ್ಚಿದವರು ಇರುತ್ತಾರೆ. ಮೊದಲ ಪತ್ರ ವಿನಯದ್ದಾಗಿರಲಿ. ಕಾನೂನು ಕೇಳುವ ತಿಳಿವಳಿಕೆಯೂ ಅದರಲ್ಲೇ ಆಗುತ್ತದೆ.

ಇನ್ನು ಸರ್ಕಾರದ ಪಾತ್ರ. ರಿಸರ್ವ್ ಬ್ಯಾಂಕು 2025ರ ಅಕ್ಟೋಬರ್‌ನಲ್ಲಿ ಹತ್ತು ಲಕ್ಷ ರೂಪಾಯಿವರೆಗಿನ ರಫ್ತು ಬಿಲ್ಲುಗಳನ್ನು ರಫ್ತುದಾರನ ಘೋಷಣೆಯ ಆಧಾರದ ಮೇಲೆಯೇ ಮುಕ್ತಾಯಗೊಳಿಸಲು ಬ್ಯಾಂಕುಗಳಿಗೆ ಸೂಚಿಸಿತು. ನವೆಂಬರ್‌ನಲ್ಲಿ ರಫ್ತಿನ ಹಣ ತರುವ ಅವಧಿಯನ್ನು ಒಂಬತ್ತು ತಿಂಗಳಿಂದ ಹದಿನೈದಕ್ಕೆ ಏರಿಸಲಾಯಿತು. ಇವು ಸ್ವಾಗತಾರ್ಹ ಕ್ರಮಗಳು; ಹಣ ಕಳೆದುಕೊಂಡವನನ್ನೇ ಅಪರಾಧಿಯಂತೆ ಕಾಣುವ ಹಳೆಯ ಪದ್ಧತಿಗೆ ಇವು ತಡೆಯೊಡ್ಡುತ್ತವೆ. ಆದರೆ ಸುತ್ತೋಲೆ ಹೊರಡಿಸಿದರೆ ಸಾಲದು, ಅದು ರಾಜಾಜಿನಗರದ ಶಾಖೆಯ ಗುಮಾಸ್ತರ ಮೇಜಿನ ಮೇಲಿರಬೇಕು. ರಫ್ತುದಾರರ ಹಣದ ಅಪಾಯಕ್ಕೆ ವಿಮೆ ನೀಡಲೆಂದೇ 1957ರಲ್ಲಿ ಸ್ಥಾಪಿತವಾದ, ಈಗ ಇಸಿಜಿಸಿ ಎಂದು ಕರೆಯಲಾಗುವ ಸಂಸ್ಥೆ ನಮ್ಮಲ್ಲಿದೆ. 2022ರಿಂದ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ಗಳೆಂಬ ಅಂಚೆ ರಫ್ತು ಕೇಂದ್ರಗಳೂ ಇವೆ. ಇವೆರಡನ್ನೂ ಜೋಡಿಸಿ, ಪೊಟ್ಟಣ ನೋಂದಾಯಿಸುವಾಗಲೇ ಸಣ್ಣ ಕಂತು ಕಟ್ಟಿಸಿಕೊಂಡು, ರವಾನೆಯ ನಂತರ ಹಣ ಮರಳಿ ಸೆಳೆದುಕೊಂಡ ಪ್ರಕರಣಗಳಿಗೆ ಪರಿಹಾರ ನೀಡುವ ಸರಳ ವಿಮೆಯನ್ನು ಏಕೆ ರೂಪಿಸಬಾರದು?

ತಾಣಗಳ ಹೊಣೆಯೂ ಇದೆ. ಸವಾಲುಗಾರರ ಸಂಖ್ಯೆ ಹೆಚ್ಚಿದಷ್ಟೂ ಅವುಗಳಿಗೆ ಲಾಭ. ತಪ್ಪಿದವನಿಂದಾಗುವ ನಷ್ಟ ಮಾತ್ರ ಮಾರಾಟಗಾರನದು. ಸವಾಲು ಕೂಗುವ ಮೊದಲೇ ಪಾವತಿಯ ಕಾರ್ಡನ್ನು ನೋಂದಾಯಿಸಿ, ಗೆದ್ದ ಕೂಡಲೇ ಹಣ ಕಡಿತವಾಗುವ ಏರ್ಪಾಡು ಎಲ್ಲ ದೇಶಗಳ ಎಲ್ಲ ಖರೀದಿದಾರರಿಗೂ ಅನ್ವಯವಾಗಬೇಕು. ತಾಲ್ಲೂಕು ಕಚೇರಿಯ ಶಿರಸ್ತೇದಾರರು ಹುಣಸೆ ಹಣ್ಣಿನ ಹರಾಜಿಗೆ ವಿಧಿಸುತ್ತಿದ್ದ ಷರತ್ತಿಗಿಂತ ಇದು ಕಠಿಣವೇನಲ್ಲ. ನಮ್ಮ ವಾಣಿಜ್ಯ ಸಚಿವಾಲಯ ಈ ಸಂಸ್ಥೆಗಳೊಡನೆ ರಫ್ತು ವೃದ್ಧಿಯ ಕುರಿತು ಮಾತನಾಡುವಾಗ ಈ ಒಂದು ಅಂಶವನ್ನು ಮೇಜಿನ ಮೇಲಿಡಬೇಕು.

ಆ ‘ಪೈಲಟ್’ ಗಡಿಯಾರ ಎರಡು ತಿಂಗಳ ಬಳಿಕ ನಿಗದಿತ ಬೆಲೆಗೆ, 55 ಡಾಲರ್‌ಗೆ ಮಾರಾಟವಾಯಿತು. ಹಣ ಅದೇ ದಿನ ಬಂತು, ಪೊಟ್ಟಣ ಮರುದಿನ ಅಂಚೆಗೆ ಹೋಯಿತು. 86ಕ್ಕೂ 55ಕ್ಕೂ ನಡುವಣ 31 ಡಾಲರ್ ನಷ್ಟವಾಯಿತೆಂದು ಹಿರಿಯರು ಈಗಲೂ ಲೆಕ್ಕ ಹಾಕುತ್ತಾರೆ. 86 ಎಂಬುದು ಬೆಲೆಯೇ ಆಗಿರಲಿಲ್ಲ, ಕೊಡಲು ಮನಸ್ಸಿಲ್ಲದವನೊಬ್ಬನ ಕೂಗು ಅದು ಎಂದು ನಾನು ಅವರಿಗೆ ಹೇಳುತ್ತಲೇ ಇದ್ದೇನೆ.