ಹಾನ್ಲೆಯ ಇರುಳಿಗೆ ಕನ್ನ

ಲಡಾಖಿನ ಹಾನ್ಲೆಯೆಂಬ ಗ್ರಾಮಕ್ಕೆ ಹೋಗಿಬರುವುದು ಈಚೆಗೆ ನಮ್ಮ ಪಟ್ಟಣಿಗರಿಗೆ ಹೆಮ್ಮೆಯ ಮಾತಾಗಿದೆ. ಆಗಲಿ, ದೇಶಾಟನವನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಆದರೆ ನಕ್ಷತ್ರದರ್ಶನಕ್ಕೆಂದು ಹೊರಟವರೇ ಮೋಟಾರುಗಾಡಿಯ ಪ್ರಖರ ದೀಪಗಳನ್ನು ಉರಿಸುತ್ತ ಆ ಊರನ್ನು ಹೊಗುವುದಾದರೆ, ಅದನ್ನು ಯಾತ್ರೆಯೆನ್ನಬೇಕೋ ಕನ್ನಗಳ್ಳತನವೆನ್ನಬೇಕೋ ವಾಚಕರೇ ನಿರ್ಣಯಿಸಲಿ.

ಹಾನ್ಲೆಯ ಬಳಿಯ ದಿಗ್ಪಾ-ರತ್ಸಾ-ರಿ ಬೆಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರು ಎತ್ತರದಲ್ಲಿ, ಭಾರತೀಯ ಖಗೋಳ ವೀಕ್ಷಣಾಲಯವಿದೆ. ಅಲ್ಲಿಯ 2 ಮೀಟರು ವ್ಯಾಸದ ಕನ್ನಡಿಯುಳ್ಳ ಚಂದ್ರ ದೂರದರ್ಶಕವು ಮೊದಲು ಕಣ್ಣು ತೆರೆದುದು 2000ನೆಯ ಇಸವಿಯಲ್ಲಿ. ಅದನ್ನು ಉಪಗ್ರಹದ ಮೂಲಕ ನಡೆಯಿಸುವವರು ಕುಳಿತಿರುವುದು ನಮ್ಮ ಬೆಂಗಳೂರಿನ ಮಗ್ಗುಲ ಹೊಸಕೋಟೆಯಲ್ಲಿ. ಬೆಂಗಳೂರಿನ ನೆತ್ತಿಯ ಮೇಲಿದ್ದ ಆಕಾಶಗಂಗೆಯನ್ನು ದೀಪಗಳಿಂದ ಅಳಿಸಿಹಾಕಿದ ನಾವು, ಹಾನ್ಲೆಯವರ ಆಕಾಶವನ್ನು ಎರವಲು ಪಡೆದಿದ್ದೇವೆ. ಎರವಲು ತಂದ ಒಡವೆಯನ್ನು ಜೋಪಾನ ಮಾಡಬೇಕೆಂಬುದು ಹಳ್ಳಿಯ ಹೆಂಗಸರಿಗೂ ತಿಳಿದ ಧರ್ಮವಲ್ಲವೆ?

ಹಾನ್ಲೆಯೇನು ನಿರ್ಜನವಾದ ಬಯಲೆ? 17ನೆಯ ಶತಮಾನದ ಬೌದ್ಧವಿಹಾರ ಅಲ್ಲಿದೆ. ಕುರಿ, ಮೇಕೆ, ಯಾಕ್‌ಗಳನ್ನು ಸಾಕಿ ಬದುಕುವ ಜನ ಅಲ್ಲಿದ್ದಾರೆ. 2022ರ ಡಿಸೆಂಬರಿನಲ್ಲಿ ಆ ಗ್ರಾಮವೂ ಸುತ್ತಣ ಹಾಡಿಗಳೂ ಸೇರಿದ ಸುಮಾರು 1,073 ಚದರ ಕಿಲೋಮೀಟರು ಪ್ರದೇಶವನ್ನು ಕಾಯ್ದಿಟ್ಟ ಕತ್ತಲಿನ ಕ್ಷೇತ್ರವೆಂದು ಸರ್ಕಾರ ಘೋಷಿಸಿತು. ಅಂದಿನಿಂದ ಕಿಟಕಿಗೆ ದಪ್ಪ ಪರದೆಯನ್ನು ಇಳಿಬಿಡುವ, ದೀಪಕ್ಕೆ ಮರೆ ಕಟ್ಟುವ ಹೊಣೆ ಆ ಗ್ರಾಮಸ್ಥರ ಮೇಲೆ ಬಿದ್ದಿದೆ. ಅವರಲ್ಲಿ ಕೆಲವರು ತರಬೇತಿಯನ್ನು ಹೊಂದಿ, ಚಿಕ್ಕ ದೂರದರ್ಶಕಗಳಿಂದ ಬಂದವರಿಗೆ ಆಕಾಶವನ್ನು ತೋರಿಸುತ್ತಾರೆ. ಮನೆಯವರು ನಿಯಮವನ್ನು ಪಾಲಿಸುತ್ತಿರಲು ಅತಿಥಿಯೇ ಅದನ್ನು ಮುರಿಯುವುದು ಯಾವ ನ್ಯಾಯ?

ಇಲ್ಲಿ ಪೂರ್ವಪಕ್ಷವೊಂದುಂಟು: "ಯಾತ್ರಿಕನು ಹಣ ತರುತ್ತಾನೆ, ಬಡ ಗ್ರಾಮಕ್ಕೆ ಹಣ ಬೇಡವೆ? ಬೆಳಕನ್ನು ತಡೆಯುವುದು ಪ್ರಗತಿಯನ್ನು ತಡೆದಂತಲ್ಲವೆ?" ಸಮಾಧಾನವನ್ನು ಕೇಳಿರಿ. ಹಣ ಬೇಕು, ನಿಜ. ಆದರೆ ಯಾತ್ರಿಕನು ಹಣ ತೆರುವುದು ಕತ್ತಲೆಯನ್ನು ನೋಡಲೆಂದು. ಅದನ್ನೇ ಕೆಡಿಸಿದಮೇಲೆ ನಾಳೆ ಬರುವವನು ಏನನ್ನು ನೋಡಲು ಬಂದಾನು? ದೀಪವೇ ಕೂಡದೆಂದು ಯಾರೂ ಹೇಳುತ್ತಿಲ್ಲ. ದೀಪವು ನೆಲವನ್ನು ಬೆಳಗಲಿ, ಆಕಾಶವನ್ನಲ್ಲ, ಎಂಬುದಷ್ಟೆ ವಾದ. ಮೇಲಕ್ಕೆ ಚೆಲ್ಲಿದ ಬೆಳಕು ಯಾರ ಹಾದಿಯನ್ನೂ ತೋರಿಸದು. ಗಾಳಿಯಲ್ಲಿ ಚದರಿ ಮಂದವಾದ ತಾರೆಗಳನ್ನು ಮುಚ್ಚುವುದು. ಅದು ಪ್ರಗತಿಯಲ್ಲ, ದುಂದು.

ಆದುದರಿಂದ ಹಾನ್ಲೆಗೆ ಹೋಗತಕ್ಕವರು ಹಗಲಿರುವಾಗಲೇ ಊರು ಸೇರಲಿ. ಇರುಳಿನಲ್ಲಿ ಕೈದೀಪ ಬೇಕೇ ಆದರೆ ಮಸುಕಾದ ಕೆಂಪು ದೀಪವನ್ನಿಟ್ಟುಕೊಳ್ಳಲಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಹಿಡಿಯುವುದು. ಒಂದು ಕ್ಷಣದ ಬಿಳಿಯ ಬೆಳಕು ಆ ತಪಸ್ಸನ್ನೆಲ್ಲ ಕೆಡಿಸುವುದು. ಬೆಟ್ಟದ ಮೇಲಣ ಯಂತ್ರವು ಕಾದು ಹಿಡಿಯುವ ಕ್ಷೀಣವಾದ ಕಿರಣವಂತೂ ಒಮ್ಮೆ ತಪ್ಪಿದರೆ ಮರಳಿ ಬಾರದು.

ಇಷ್ಟನ್ನೂ ಪಾಲಿಸಲಾರದವರು ಪ್ರಯಾಣದ ವೆಚ್ಚವನ್ನು ಉಳಿಸಿ, ತಮ್ಮ ಮನೆಯ ಮುಂದಿನ ದೀಪಕ್ಕೊಂದು ಮರೆಯನ್ನು ಕಟ್ಟಿಸಲಿ. ಆಗ ತಮ್ಮ ಅಂಗಳದಲ್ಲಿಯೇ ನಾಲ್ಕು ನಕ್ಷತ್ರ ಹೆಚ್ಚಾಗಿ ಕಂಡಾವು. ಹಾನ್ಲೆಯ ಇರುಳೂ ಉಳಿದೀತು.