ಹೊಗೆಗೆ ಮದ್ದು ಈರುಳ್ಳಿಯಲ್ಲಿದೆಯೇ?

ದೆಹಲಿಯಲ್ಲಿರುವ ನನ್ನ ಭಾವ ಪ್ರತಿ ನವೆಂಬರಿನಲ್ಲೂ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಪಟ್ಟಿ ಹಾಕುತ್ತಾರೆ. ಬೆಲ್ಲ, ಅರಿಶಿನ, ಗ್ರೀನ್ ಟೀ, ಹಸಿ ಈರುಳ್ಳಿ. ಈರುಳ್ಳಿಯ ಪಕ್ಕದಲ್ಲಿ ‘ಫ್ಲೇವನಾಯ್ಡ್, ಶ್ವಾಸಕೋಶದ ಕ್ಯಾನ್ಸರ್ ತಡೆಯುತ್ತದೆ’ ಅಂತ ಬೇರೆ. “ವಿಜ್ಞಾನಿಗಳೇ ಹೇಳಿದ್ದಾರೆ ಕಣಯ್ಯ” ಅನ್ನುತ್ತಾರೆ.

ಪೂರ್ತಿ ಸುಳ್ಳೇನಲ್ಲ. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್‌ನಂಥ ಫ್ಲೇವನಾಯ್ಡ್‌ಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳು ಹರಡುವ ವೇಗವನ್ನೂ ಉರಿಯೂತವನ್ನೂ ತಗ್ಗಿಸಿದ್ದು ನಿಜ. ಮಾಲಿನ್ಯ ಕ್ಯಾನ್ಸರ್ ತರುವುದೂ ಉರಿಯೂತದ ದಾರಿಯಲ್ಲೇ. ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ತಂಡ 2023ರಲ್ಲಿ ‘ನೇಚರ್’ನಲ್ಲಿ ಇದನ್ನು ವಿವರಿಸಿತು. ವಯಸ್ಸಾದಂತೆ ನಮ್ಮ ಶ್ವಾಸಕೋಶದ ಕೆಲವು ಕೋಶಗಳಲ್ಲಿ ಜೀನ್ ದೋಷ ಸೇರಿಕೊಳ್ಳುತ್ತದೆ. ಅವು ಸಾಮಾನ್ಯವಾಗಿ ತೆಪ್ಪಗಿರುತ್ತವೆ. ಪಿಎಂ 2.5 ಕಣಗಳು ಒಳಗಿಳಿದಾಗ ರಕ್ಷಕ ಕೋಶಗಳು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂಕೇತ ಬಿಡುತ್ತವೆ; ತೆಪ್ಪಗಿದ್ದವು ಎದ್ದು ಕೂರುತ್ತವೆ. ಇಲಿಗಳಲ್ಲಿ ಈ ಸಂಕೇತವನ್ನು ತಡೆದಾಗ ಗೆಡ್ಡೆಗಳು ಕಡಿಮೆಯಾದವು. ಸಿಗರೇಟು ಮುಟ್ಟದವರಿಗೂ ಈ ಕಾಯಿಲೆ ಯಾಕೆ ಬರುತ್ತದೆ ಎಂಬುದಕ್ಕೆ ಸಿಕ್ಕ ಒಂದು ಉತ್ತರ ಇದು.

ಹಾಗಾದರೆ ಉರಿಯೂತ ತಗ್ಗಿಸುವ ಈರುಳ್ಳಿ ತಿಂದರಾಯ್ತಲ್ಲ? ಇಲ್ಲೇ ಎಡವುವುದು. ನಾವು ತಿಂದ ಕ್ವೆರ್ಸೆಟಿನ್‌ನಲ್ಲಿ ರಕ್ತ ಸೇರುವುದು ಸ್ವಲ್ಪವೇ, ಅದೂ ರೂಪ ಬದಲಿಸಿಕೊಂಡು. ಪ್ರಯೋಗಾಲಯದಲ್ಲಿ ಬಳಸುವ ಪ್ರಮಾಣ ಊಟದಿಂದ ಶ್ವಾಸಕೋಶ ಮುಟ್ಟುವುದಿಲ್ಲ. ಮಾತ್ರೆ ಮಾಡಿ ನುಂಗಿದರೆ? ಫಿನ್‌ಲೆಂಡಿನ ಕಥೆ ನೆನಪಿಸಿಕೊಳ್ಳಿ. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ (ಇದು ಫ್ಲೇವನಾಯ್ಡ್ ಅಲ್ಲ, ಆದರೆ ನಂಬಿಕೆ ಅದೇ) ಕ್ಯಾನ್ಸರ್ ತಡೆಯುತ್ತದೆಂದು 29,133 ಧೂಮಪಾನಿಗಳ ಮೇಲೆ ಪರೀಕ್ಷೆ ನಡೆಯಿತು. 1994ರಲ್ಲಿ ಫಲಿತಾಂಶ ಬಂತು: ಅದನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು!

ಈರುಳ್ಳಿ ತಿನ್ನಬೇಡಿ ಅನ್ನುತ್ತಿಲ್ಲ, ಮುದ್ದೆಗೆ ಅದಿಲ್ಲದಿದ್ದರೆ ನನಗೂ ಆಗಲ್ಲ. ನನ್ನ ತಕರಾರು ಬೇರೆ. ಇಂಥ ಪಟ್ಟಿಗಳು ಸರ್ಕಾರದ ಹೊಣೆಯನ್ನು ಸದ್ದಿಲ್ಲದೆ ಅಡುಗೆಮನೆಗೆ ಸಾಗಿಸುತ್ತವೆ. ಹೊರಗಿನ ಗಾಳಿಯ ಮಾಲಿನ್ಯ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2013ರಲ್ಲೇ ಘೋಷಿಸಿದೆ. ಪಿಎಂ 2.5ರ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೊಗ್ರಾಂ ಮೀರಬಾರದೆಂದು ಅದೇ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 2009ರಲ್ಲಿ ಬರೆದ 40. ಅಂದರೆ ಎಂಟು ಪಟ್ಟು. ದೆಹಲಿ ಅದನ್ನೂ ಎಷ್ಟೋ ಮೀರಿದೆ. ಇಡೀ ದಿನ ಸಿಗ್ನಲ್ಲಿನಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸರಿಗೆ, ರಸ್ತೆ ಗುಡಿಸುವವರಿಗೆ ಯಾವ ಪಟ್ಟಿ ಕೊಡೋಣ?

ಈ ಸಲ ಭಾವನ ಪಟ್ಟಿಯ ಕೆಳಗೆ ಆ ಎರಡು ಅಂಕಿ ಬರೆದು ಹಾಕಿದೆ. ಉತ್ತರ ಬಂದಿಲ್ಲ. ಮಗಳಿಗೆ ಕೆಮ್ಮಂತೆ, ಶಾಲೆಗೆ ರಜೆ ಕೊಟ್ಟಿದ್ದಾರಂತೆ.